ವಿತರಣಾ ಉಗ್ರಾಣಗಳಲ್ಲಿ ನಿರ್ವಹಣಾ ತಂತ್ರಜ್ಞರ ಶಿಶಿಕ್ಷು ತರಬೇತಿ

ಉಗ್ರಾಣವೆಂದೊಡನೆ ಸಾಲಾಗಿ ಒಟ್ಟಿದ ಧಾನ್ಯದ ಮೂಟೆಗಳು, ಬೀಗ ಹಾಕಿದ ದೊಡ್ಡ ಬಾಗಿಲು, ಹೊರಗೆ ಕುಳಿತ ಕಾವಲುಗಾರ ಇವುಗಳ ಚಿತ್ರ ಜನಸಾಮಾನ್ಯರ ಮನಸ್ಸಿಗೆ ಬರುವುದು ಸಹಜ. 1957ರಲ್ಲಿ ಕೇಂದ್ರ ಉಗ್ರಾಣ ನಿಗಮವು ಸ್ಥಾಪನೆಯಾದಾಗ ದಾಸ್ತಾನನ್ನು ಕೆಡದಂತೆ ಕಾಪಾಡುವುದೇ ಉಗ್ರಾಣದ ಮುಖ್ಯ ಉದ್ದೇಶವಾಗಿತ್ತು. ವಿತರಣಾ ಉಗ್ರಾಣದ ರೀತಿ ಬೇರೆ. ಇಲ್ಲಿ ಸರಕು ತಂಗುವುದಕ್ಕಿಂತ ಹಾದುಹೋಗುವುದೇ ಹೆಚ್ಚು. ಬೆಳಗ್ಗೆ ಒಂದು ಲಾರಿಯಿಂದ ಇಳಿದ ಪೆಟ್ಟಿಗೆ ರಾತ್ರಿಯ ಹೊತ್ತಿಗೆ ಬೇರೊಂದು ಊರಿಗೆ ಹೊರಟ ಲಾರಿಯನ್ನು ಏರಿರುತ್ತದೆ. ಈ ನಡುವೆ ಅದು ಕನ್ವೇಯರ್ ಬೆಲ್ಟಿನ ಮೇಲೆ ಸಾಗಿ, ಬಾರ್‌ಕೋಡ್ ಓದುವ ಸಾಧನದ ಮುಂದೆ ಹಾದು, ವಿಂಗಡಣಾ ಯಂತ್ರದಿಂದ ತನ್ನ ಊರಿನ ಸಾಲಿಗೆ ತಳ್ಳಲ್ಪಟ್ಟು, ಫೋರ್ಕ್‌ಲಿಫ್ಟ್ ವಾಹನದ ಮೂಲಕ ಬಾಗಿಲಿಗೆ ಬರುತ್ತದೆ. ಈ ಸರಪಳಿಯ ಒಂದು ಕೊಂಡಿ ನಿಂತರೆ ಹಿಂದಿನದೆಲ್ಲವೂ ನಿಲ್ಲುತ್ತದೆ. ಅದು ನಿಲ್ಲದಂತೆ ನೋಡಿಕೊಳ್ಳುವವರೇ ನಿರ್ವಹಣಾ ತಂತ್ರಜ್ಞರು.

ದೇಶದಲ್ಲಿ ಇಂಥ ದೊಡ್ಡ ಉಗ್ರಾಣಗಳು ಹೆಚ್ಚಿದ್ದಕ್ಕೆ ತೆರಿಗೆ ಪದ್ಧತಿಯಲ್ಲಿ ಆದ ಬದಲಾವಣೆಯೂ ಒಂದು ಕಾರಣ. ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾರಾಟವಾದ ಸರಕಿನ ಮೇಲೆ ಹಿಂದೆ ಕೇಂದ್ರ ಮಾರಾಟ ತೆರಿಗೆ ಬೀಳುತ್ತಿತ್ತು. ಅದನ್ನು ತಪ್ಪಿಸಲು ಕಂಪನಿಗಳು ಪ್ರತಿ ರಾಜ್ಯದಲ್ಲೂ ಒಂದೊಂದು ಚಿಕ್ಕ ಗೋದಾಮನ್ನು ಇಟ್ಟುಕೊಳ್ಳುತ್ತಿದ್ದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಆ ಅಗತ್ಯ ಉಳಿಯಲಿಲ್ಲ. ಹತ್ತು ಚಿಕ್ಕ ಗೋದಾಮುಗಳ ಬದಲು ಹೆದ್ದಾರಿಯ ಬದಿಯಲ್ಲಿ ಒಂದು ದೊಡ್ಡ ಉಗ್ರಾಣವನ್ನು ಕಟ್ಟಿ, ಅದರಲ್ಲಿ ಯಂತ್ರಗಳನ್ನು ಅಳವಡಿಸುವುದು ಲಾಭದಾಯಕವಾಯಿತು. ಒಂದು ಕಾಲದಲ್ಲಿ ಮುಂಬಯಿಯ ಆಕ್ಟ್ರಾಯ್ ಗಡಿಯ ಹೊರಗಿದೆ ಎಂಬ ಕಾರಣಕ್ಕೇ ಗೋದಾಮುಗಳನ್ನು ಸೆಳೆದ ಠಾಣೆ ಜಿಲ್ಲೆಯ ಭಿವಂಡಿ, ಪುಣೆಯ ಬಳಿಯ ಚಾಕಣ, ಚೆನ್ನೈ ಬಳಿಯ ಶ್ರೀಪೆರಂಬುದೂರು ಮತ್ತು ಒರಗಡಂ, ಹೈದರಾಬಾದಿನ ಹೊರವಲಯದ ಮೇಡ್ಚಲ್ ಮತ್ತು ಶಂಷಾಬಾದ್, ದೆಹಲಿಯ ಸಮೀಪದ ಫರ್ರುಖ್‌ನಗರ ಇವೆಲ್ಲ ಇಂದು ಉಗ್ರಾಣಗಳ ಊರುಗಳು. ಈ ನಗರಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಇಲ್ಲಿ ಹೊಸದೊಂದು ಕಸುಬಿನ ಬಾಗಿಲು ತೆರೆದಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರ ಪರಂಪರೆ ಮುಂಬಯಿಗೆ ಹೊಸದಲ್ಲ. ದುಡಿಮೆಯ ಸ್ಥಳವನ್ನೇ ಶಾಲೆಯನ್ನಾಗಿಸುವ ಶಿಶಿಕ್ಷು ತರಬೇತಿ, ಅಂದರೆ ಜನರ ಬಾಯಲ್ಲಿರುವ ಅಪ್ರೆಂಟಿಸ್‌ಷಿಪ್, ಅದಕ್ಕೆ ಸಮೀಪದ ವ್ಯವಸ್ಥೆಯೇ ಆಗಿದೆ.

ಆದರೆ ಶಾಲೆ ಮತ್ತು ದುಡಿಮೆ ಎರಡೂ ಒಂದೇ ಚಾವಣಿಯ ಕೆಳಗೆ ಇರುವಾಗ ಶಾಲೆಯು ದುಡಿಮೆಯಲ್ಲಿ ಕರಗಿಹೋಗುವ ಸಂಭವವಿದೆ. ಒಂದು ವರ್ಷದ ತರಬೇತಿಯು ಕಸುಬನ್ನು ಕೊಡಬಹುದು, ಇಲ್ಲವೇ ಪೆಟ್ಟಿಗೆ ಹೊತ್ತ ಒಂದು ವರ್ಷವಾಗಿಯೇ ಮುಗಿಯಬಹುದು. ಯಾವುದು ಆಗುತ್ತದೆ ಎಂಬುದು ಕರಾರು ಪತ್ರದಲ್ಲಿ ಏನಿದೆ, ಕೆಲಸದ ಸ್ಥಳದಲ್ಲಿ ಏನನ್ನು ಕಲಿಸಲಾಗುತ್ತಿದೆ, ಅದು ಎಲ್ಲಿ ದಾಖಲಾಗುತ್ತಿದೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಅಭ್ಯರ್ಥಿಗಳೂ ಅವರ ತಂದೆತಾಯಿಗಳೂ ಈ ತರಬೇತಿಯ ಒಳಗನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯ.

ಕಾನೂನಿನ ಚೌಕಟ್ಟು

ಶಿಶಿಕ್ಷು ಅಧಿನಿಯಮವನ್ನು ಸಂಸತ್ತು 1961ರಲ್ಲಿ ಅಂಗೀಕರಿಸಿತು. ಮೊದಲು ಐ.ಟಿ.ಐ. ಮಟ್ಟದ ವೃತ್ತಿಗಳಿಗೆ ಮಾತ್ರ ಸೀಮಿತವಾಗಿದ್ದ ಇದನ್ನು 1973ರಲ್ಲಿ ಎಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾದವರಿಗೂ, 1986ರಲ್ಲಿ ವೃತ್ತಿಶಿಕ್ಷಣ ಪಡೆದ ವಿದ್ಯಾರ್ಥಿಗಳಿಗೂ ವಿಸ್ತರಿಸಲಾಯಿತು. 2014ರ ತಿದ್ದುಪಡಿಯಲ್ಲಿ ಇನ್ನೊಂದು ಮಹತ್ವದ ಬದಲಾವಣೆಯಾಯಿತು. ಸರ್ಕಾರ ಗೊತ್ತುಪಡಿಸಿದ ವೃತ್ತಿಗಳ ಜೊತೆಗೆ ಉದ್ಯಮಗಳು ತಮ್ಮ ಅಗತ್ಯಕ್ಕೆ ಹೊಂದುವ ಐಚ್ಛಿಕ ವೃತ್ತಿಗಳಲ್ಲಿಯೂ ತರಬೇತಿ ನೀಡಬಹುದೆಂದು ಅವಕಾಶ ಕಲ್ಪಿಸಲಾಯಿತು. ಉಗ್ರಾಣಗಳಂಥ ಹೊಸ ಉದ್ದಿಮೆಗಳಿಗೆ ಇದರಿಂದ ಅನುಕೂಲವಾಯಿತು. 2016ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹನ ಯೋಜನೆ ಆರಂಭವಾಗಿ, ಶಿಷ್ಯವೇತನದ ಒಂದು ಭಾಗವನ್ನು ಕೇಂದ್ರ ಸರ್ಕಾರವೇ ಭರಿಸುವ ಪದ್ಧತಿ ಬಂದಿತು.

2019ರಲ್ಲಿ ತಿದ್ದಿದ ನಿಯಮಗಳ ಪ್ರಕಾರ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯು ತನ್ನ ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಆ ವರ್ಷದ ನಿಯಮಗಳಲ್ಲಿ ಮೊದಲ ವರ್ಷಕ್ಕೆ ಗೊತ್ತುಪಡಿಸಿದ ಕನಿಷ್ಠ ಮಾಸಿಕ ಶಿಷ್ಯವೇತನ ಹತ್ತನೆಯ ತರಗತಿ ಮುಗಿಸಿದವರಿಗೆ 6,000 ರೂಪಾಯಿ, ಐ.ಟಿ.ಐ. ಪ್ರಮಾಣಪತ್ರವುಳ್ಳವರಿಗೆ 7,000 ರೂಪಾಯಿ, ಡಿಪ್ಲೊಮಾದವರಿಗೆ 8,000 ರೂಪಾಯಿ. ಎರಡನೆಯ ವರ್ಷಕ್ಕೆ ಇದರ ಮೇಲೆ ಶೇ. 10ರಷ್ಟು ಹೆಚ್ಚಳ ಸಿಗಬೇಕು. ಇದು ಕನಿಷ್ಠ ಮೊತ್ತ ಮಾತ್ರ. ಹೆಚ್ಚು ಕೊಡುವುದಕ್ಕೆ ಸಂಸ್ಥೆಗೆ ಯಾವ ಅಡ್ಡಿಯೂ ಇಲ್ಲ. ದರಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ ಕರಾರಿಗೆ ಸಹಿ ಹಾಕುವ ದಿನ ಜಾರಿಯಲ್ಲಿರುವ ದರವನ್ನು ನೋಡಿಕೊಳ್ಳಬೇಕು.

ಶಿಶಿಕ್ಷುವು ಕಲಿಯುವವನೇ ಹೊರತು ಕಾರ್ಮಿಕನಲ್ಲ ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಈ ಮಾತಿಗೆ ಎರಡು ಮುಖಗಳಿವೆ. ಕಾರ್ಮಿಕನಿಗೆ ದೊರೆಯುವ ಹಲವು ಹಕ್ಕುಗಳು ಅವನಿಗೆ ದೊರೆಯುವುದಿಲ್ಲ. ಅದರೊಂದಿಗೆ, ಕಾರ್ಮಿಕನ ಮೇಲೆ ಹೊರಿಸಬಹುದಾದ ಕೆಲವು ಹೊರೆಗಳನ್ನು ಅವನ ಮೇಲೆ ಹೊರಿಸುವಂತೆಯೂ ಇಲ್ಲ. ಅವನಿಗೆ ತುಂಡುಗುತ್ತಿಗೆಯ ಲೆಕ್ಕದಲ್ಲಿ, ಅಂದರೆ ಇಷ್ಟು ಪೆಟ್ಟಿಗೆಗೆ ಇಷ್ಟು ಎಂದು, ಹಣ ಕೊಡಬಾರದು. ಉತ್ಪಾದನೆಗೆ ತಕ್ಕ ಬೋನಸಿನ ಯೋಜನೆಗಳಲ್ಲಿ ಭಾಗವಹಿಸುವಂತೆ ಒತ್ತಾಯಿಸಬಾರದು. ಶಿಶಿಕ್ಷು ಸಲಹಾಧಿಕಾರಿಯ ಒಪ್ಪಿಗೆಯಿಲ್ಲದೆ ಹೆಚ್ಚಿನ ಅವಧಿ ದುಡಿಸಬಾರದು. ತರಬೇತಿಯ ಹಿತಕ್ಕಾಗಿ ಅಥವಾ ಸಾರ್ವಜನಿಕ ಹಿತಕ್ಕಾಗಿ ಎಂದು ಮನವರಿಕೆಯಾದ ಹೊರತು ಆ ಅಧಿಕಾರಿಯೂ ಒಪ್ಪಿಗೆ ಕೊಡುವಂತಿಲ್ಲ. ಗಂಟೆಗೆ ಎಷ್ಟು ಪೆಟ್ಟಿಗೆ ಎಂಬ ಲೆಕ್ಕದಲ್ಲೇ ದಿನ ಸಾಗುವ ಉಗ್ರಾಣದಲ್ಲಿ ಈ ನಿಬಂಧನೆಗಳ ಬೆಲೆ ಹೆಚ್ಚು. ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಯ ವಿಷಯದಲ್ಲಾದರೋ ಶಿಶಿಕ್ಷುವಿಗೆ ಇತರರಷ್ಟೇ ರಕ್ಷಣೆಯಿದೆ. ತರಬೇತಿಯ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವ ಹೊಣೆ ಉದ್ಯೋಗದಾತನದು.

ಯಾರು ಸೇರಬಹುದು

ಉಗ್ರಾಣದ ನಿರ್ವಹಣೆಯ ಕೆಲಸಕ್ಕೆ ಹೆಚ್ಚಾಗಿ ಬರುವವರು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಅಥವಾ ಶೈತ್ಯೀಕರಣ ಮತ್ತು ಹವಾನಿಯಂತ್ರಣ ವೃತ್ತಿಗಳನ್ನು ಮುಗಿಸಿದವರು. ಮೆಕ್ಯಾನಿಕಲ್ ಅಥವಾ ಎಲೆಕ್ಟ್ರಿಕಲ್ ಡಿಪ್ಲೊಮಾ ಪಡೆದವರೂ ಇದ್ದಾರೆ. ಫಿಟ್ಟರನಿಗೆ ವಿದ್ಯುತ್ ಪ್ಯಾನೆಲ್ಲಿನ ಪರಿಚಯ ಕಡಿಮೆ, ಎಲೆಕ್ಟ್ರಿಷಿಯನ್ನನಿಗೆ ಗೇರ್‌ಬಾಕ್ಸಿನ ಪರಿಚಯ ಕಡಿಮೆ. ಕನ್ವೇಯರಿಗಾದರೋ ಎರಡೂ ಬೇಕು. ಈ ಕಾರಣದಿಂದ ಒಬ್ಬನೇ ತಂತ್ರಜ್ಞನು ಎರಡೂ ಕಡೆಯ ವಿದ್ಯೆಯನ್ನು ಸಾಕಷ್ಟು ಬಲ್ಲವನಾಗಿರಬೇಕೆಂದು ಉಗ್ರಾಣಗಳು ಬಯಸುತ್ತವೆ, ಮತ್ತು ಇದೇ ಈ ತರಬೇತಿಯ ವಿಶೇಷ. ಹೆಣ್ಣುಮಕ್ಕಳಿಗೆ ಇಲ್ಲಿ ಯಾವ ನಿರ್ಬಂಧವೂ ಇಲ್ಲ. ಭಾರ ಎತ್ತುವುದಕ್ಕೆ ಯಂತ್ರಗಳಿರುವ ಸ್ಥಳದಲ್ಲಿ ತಂತ್ರಜ್ಞರಿಗೆ ಬೇಕಾದುದು ತೋಳಿನ ಬಲಕ್ಕಿಂತ ಕಿವಿ ಕಣ್ಣುಗಳ ಎಚ್ಚರ.

ಯಂತ್ರವನ್ನು ನಿಲ್ಲಿಸುವ ವಿದ್ಯೆ

ತರಬೇತಿಯ ಮೊದಲ ಪಾಠ ಯಂತ್ರವನ್ನು ನಡೆಸುವುದಲ್ಲ, ನಿಲ್ಲಿಸುವುದು. ಕೇಳಲು ಸರಳವಾಗಿ ತೋರುವ ಈ ಪಾಠಕ್ಕೆ ಒಳ್ಳೆಯ ಸಂಸ್ಥೆಗಳು ವಾರಗಟ್ಟಲೆ ಸಮಯ ಕೊಡುತ್ತವೆ. ಹಾಗೆ ಕೊಡದ ಕಡೆ ಶಿಶಿಕ್ಷುವಿನ ಬೆರಳುಗಳಿಗೆ ಅಪಾಯವಿದೆ ಎಂದೇ ತಿಳಿಯಬೇಕು.

ಕನ್ವೇಯರಿನ ಉದ್ದಕ್ಕೂ ಕೆಂಪು ಅಣಬೆಯಾಕಾರದ ಗುಂಡಿಗಳೂ ಎಳೆದರೆ ಯಂತ್ರ ನಿಲ್ಲುವ ಹಗ್ಗವೂ ಇರುತ್ತವೆ. ಅಪಾಯ ಕಂಡಾಗ ಯಾರು ಬೇಕಾದರೂ ಅದನ್ನು ಒತ್ತಬಹುದು, ಎಳೆಯಬಹುದು. ಆದರೆ ಅದು ತುರ್ತು ನಿಲುಗಡೆ ಮಾತ್ರ. ಗುಂಡಿ ಒತ್ತಿದಾಗ ಮೋಟಾರಿಗೆ ಹೋಗುವ ಆಜ್ಞೆ ನಿಲ್ಲುತ್ತದೆಯೇ ಹೊರತು ಪ್ಯಾನೆಲ್ಲಿನಲ್ಲಿ 415 ವೋಲ್ಟಿನ ವಿದ್ಯುತ್ ಹಾಗೆಯೇ ಇರುತ್ತದೆ. ಇನ್ನೂರು ಅಡಿ ಆಚೆ ನಿಂತ ಇನ್ನೊಬ್ಬನು, ಬೆಲ್ಟಿನ ಕೆಳಗೆ ಕೈಯಿಟ್ಟವನನ್ನು ಕಾಣದೆ, ಗುಂಡಿಯನ್ನು ಬಿಡಿಸಿ ಯಂತ್ರವನ್ನು ಚಾಲೂ ಮಾಡಬಹುದು. ಬೆಲ್ಟು ರೋಲರನ್ನು ಸೇರುವ ಸಂದಿಗೆ ಬಟ್ಟೆಯ ಅಂಚು ಸಿಕ್ಕರೂ ಸಾಕು, ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟು ಕಾಲಾವಕಾಶ ಸಿಗುವುದಿಲ್ಲ.

ಆದ್ದರಿಂದ ದುರಸ್ತಿಗೆ ಮುನ್ನ ಅನುಸರಿಸಬೇಕಾದ ಕ್ರಮವೇ ಬೇರೆ. ಮೊದಲು ಆ ಸಾಲಿನ ಮೇಲ್ವಿಚಾರಕನಿಗೆ ತಿಳಿಸಿ, ಯಂತ್ರವನ್ನು ಸಾಮಾನ್ಯ ರೀತಿಯಲ್ಲಿ ನಿಲ್ಲಿಸಬೇಕು. ಅನಂತರ ಮುಖ್ಯ ಐಸೊಲೇಟರ್ ಸ್ವಿಚ್ಚನ್ನು ಬಂದ್ ಮಾಡಿ, ಅದಕ್ಕೆ ತನ್ನ ಸ್ವಂತ ಬೀಗವನ್ನು ಹಾಕಿ, ತನ್ನ ಹೆಸರು ಮತ್ತು ಹೊತ್ತು ಬರೆದ ಚೀಟಿಯನ್ನು ತೂಗುಹಾಕಬೇಕು. ಬೀಗದ ಕೈ ತನ್ನ ಜೇಬಿನಲ್ಲಿಯೇ ಇರಬೇಕು. ಮೂವರು ಕೂಡಿ ಕೆಲಸ ಮಾಡುವಾಗ ಮೂರು ಬೀಗಗಳು ಬೀಳಬೇಕು. ಹಿರಿಯರು ಹಾಕಿದ್ದಾರಲ್ಲ ಎಂದು ಕಿರಿಯನು ಬಿಡುವಂತಿಲ್ಲ. ಹಾಕಿದವನೇ ತೆಗೆಯಬೇಕು ಎಂಬುದು ಇಲ್ಲಿಯ ನಿಯಮ. ಊಟದ ಹೊತ್ತಿಗೆ ಬೀಗವನ್ನು ಸ್ನೇಹಿತನಿಗೆ ಒಪ್ಪಿಸಿ ಹೋಗುವ ಅಭ್ಯಾಸವನ್ನು ಮೊದಲ ದಿನವೇ ತಡೆಯಬೇಕಾಗುತ್ತದೆ.

ಬೀಗ ಹಾಕಿದೊಡನೆ ಯಂತ್ರ ನಿರಪಾಯವಾಯಿತೆಂದು ಭಾವಿಸುವುದೂ ತಪ್ಪು. ವಿದ್ಯುತ್ ಹೋದ ಮೇಲೂ ಯಂತ್ರದಲ್ಲಿ ಶಕ್ತಿ ಅಡಗಿರುತ್ತದೆ. ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ಡ್ರೈವ್ ಸಾಧನದೊಳಗಿನ ಕೆಪಾಸಿಟರುಗಳು ಸ್ವಿಚ್ ಬಂದಾದ ಮೇಲೂ ಹಲವು ನಿಮಿಷ ವಿದ್ಯುದಂಶವನ್ನು ಹಿಡಿದಿರುತ್ತವೆ. ಎಷ್ಟು ನಿಮಿಷ ಕಾಯಬೇಕೆಂಬುದನ್ನು ಅದರ ಮುಚ್ಚಳದ ಮೇಲೆಯೇ ಬರೆದಿರುತ್ತಾರೆ. ಗಾಳಿಯ ಒತ್ತಡದಿಂದ ನಡೆಯುವ ತಳ್ಳುಗೋಲುಗಳ ಕೊಳವೆಯಲ್ಲಿ ಒತ್ತಡ ಉಳಿದಿರುತ್ತದೆ. ಇಳಿಜಾರು ಕನ್ವೇಯರಿನ ಮೇಲೆ ನಿಂತ ಸರಕು ತನ್ನ ಭಾರದಿಂದಲೇ ಬೆಲ್ಟನ್ನು ಹಿಂದಕ್ಕೆ ಜಗ್ಗಬಹುದು. ಲಾರಿಯ ತಳಕ್ಕೂ ಉಗ್ರಾಣದ ನೆಲಕ್ಕೂ ಸೇತುವೆಯಾಗುವ ಡಾಕ್ ಲೆವೆಲರಿನ ಭಾರವಾದ ಉಕ್ಕಿನ ಹಲಗೆಯನ್ನು ಎತ್ತಿ ನಿಲ್ಲಿಸುವುದು ಎಣ್ಣೆಯ ಒತ್ತಡ. ಅದರ ಕೆಳಗೆ ಇಳಿಯುವ ಮುನ್ನ ತಯಾರಕರು ಒದಗಿಸಿದ ಆಧಾರದ ಕಂಬವನ್ನು ಕೊಟ್ಟಿರಲೇಬೇಕು. ಎಣ್ಣೆಯ ಮೇಲೆ ಭರವಸೆಯಿಟ್ಟು ಯಾರೂ ಆ ಗುಂಡಿಗೆ ಇಳಿಯಬಾರದು.

ಕಡೆಯ ಹೆಜ್ಜೆ ಪರೀಕ್ಷೆ. ವಿದ್ಯುತ್ ಇಲ್ಲವೆಂದು ತೋರಿಸುವ ಮೀಟರೇ ಕೆಟ್ಟಿದ್ದರೆ ಅದು ಎಲ್ಲೆಲ್ಲಿಯೂ ವಿದ್ಯುತ್ ಇಲ್ಲವೆಂದೇ ತೋರಿಸುತ್ತದೆ. ಅದಕ್ಕಾಗಿ ಮೀಟರನ್ನು ಮೊದಲು ವಿದ್ಯುತ್ ಇದೆಯೆಂದು ಖಚಿತವಾಗಿ ಗೊತ್ತಿರುವ ಕಡೆ ಇಟ್ಟು ನೋಡಿ, ಆಮೇಲೆ ಕೆಲಸ ಮಾಡಬೇಕಾದ ಕಡೆ ನೋಡಿ, ಮತ್ತೊಮ್ಮೆ ಮೊದಲಿನ ಕಡೆ ಇಟ್ಟು ಮೀಟರ್ ಸರಿಯಿರುವುದನ್ನು ದೃಢಪಡಿಸಿಕೊಳ್ಳುತ್ತಾರೆ. ಇಷ್ಟೆಲ್ಲ ಮಾಡಲು ಹತ್ತು ನಿಮಿಷ ಹಿಡಿಯಬಹುದು. ದುರಸ್ತಿಗೆ ಎರಡೇ ನಿಮಿಷ ಸಾಕಾಗಬಹುದು. ಲಾರಿಗಳು ಸಾಲುಗಟ್ಟಿ ನಿಂತಿರುವ ಸಂಜೆಯ ಹೊತ್ತಿನಲ್ಲಿ ಆ ಹತ್ತು ನಿಮಿಷಗಳನ್ನು ಉಳಿಸಬೇಕೆಂಬ ಒತ್ತಡ ಬರುತ್ತದೆ. ಅನುಭವಿ ತಂತ್ರಜ್ಞರು ಆಗ ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ನೋಡಿಯೇ ಶಿಶಿಕ್ಷುಗಳು ಕಲಿಯುವುದು, ಗೋಡೆಯ ಮೇಲಿನ ಫಲಕವನ್ನು ಓದಿ ಅಲ್ಲ.

ಬೆಲ್ಟಿನಿಂದ ಬ್ಯಾಟರಿಯವರೆಗೆ

ನಿತ್ಯದ ಕೆಲಸದಲ್ಲಿ ಹೆಚ್ಚು ಹೊತ್ತು ಬೇಡುವುದು ಬೆಲ್ಟು. ಬೆಲ್ಟು ಒಂದು ಬದಿಗೆ ಸರಿದು ಚೌಕಟ್ಟಿಗೆ ಉಜ್ಜತೊಡಗಿದರೆ ಅಂಚು ಹರಿಯುತ್ತದೆ, ಕೆಲವೇ ದಿನಗಳಲ್ಲಿ ದುಬಾರಿ ಬೆಲ್ಟು ಹಾಳಾಗುತ್ತದೆ. ಇದನ್ನು ಸರಿಪಡಿಸಲು ಹೊಸಬರು ಸ್ಪ್ಯಾನರ್ ಹಿಡಿದು, ಮುಂಬಯಿ ಕಡೆಯ ಕಾರ್ಖಾನೆಗಳ ಮಾತಿನಲ್ಲಿ ಹೇಳುವುದಾದರೆ ‘ಪಾನಾ’ ಹಿಡಿದು, ಕಂಡ ಬೋಲ್ಟನ್ನೆಲ್ಲ ಬಿಗಿಯುತ್ತಾರೆ. ತತ್ತ್ವ ಸರಳ: ಬೆಲ್ಟು ರೋಲರಿನ ಯಾವ ತುದಿಯನ್ನು ಮೊದಲು ಮುಟ್ಟುತ್ತದೆಯೋ ಆ ತುದಿಯ ಕಡೆಗೆ ಸರಿಯುತ್ತದೆ. ರೋಲರನ್ನು ಕಾಲು ಸುತ್ತಿನಷ್ಟು ಮಾತ್ರ ಹೊಂದಿಸಿ, ಬೆಲ್ಟು ಹಲವು ಸುತ್ತು ಪೂರ್ತಿ ತಿರುಗುವವರೆಗೆ ಕಾದು, ಫಲವನ್ನು ನೋಡಿ, ಬೇಕಾದರೆ ಇನ್ನು ಕಾಲು ಸುತ್ತು ತಿರುಗಿಸಬೇಕು. ಕಾಯುವುದೇ ಇಲ್ಲಿಯ ಕಷ್ಟ. ಕಾಯದೆ ಮತ್ತೆ ತಿರುಗಿಸಿದವರು ಬೆಲ್ಟನ್ನು ಎದುರು ಬದಿಗೆ ಓಡಿಸಿಬಿಡುತ್ತಾರೆ. ಎಷ್ಟೋ ಸಲ ದೋಷ ಹೊಂದಾಣಿಕೆಯಲ್ಲಿರದೆ, ರೋಲರಿಗೆ ಅಂಟಿದ ಪ್ಯಾಕಿಂಗ್ ಟೇಪಿನ ತುಂಡಿನಲ್ಲಿಯೋ ಪೆಟ್ಟಿಗೆಗಳು ಒಂದೇ ಬದಿಗೆ ಬೀಳುವುದರಲ್ಲಿಯೋ ಇರುತ್ತದೆ. ಬೋಲ್ಟನ್ನು ಮುಟ್ಟುವ ಮುನ್ನ ಅದನ್ನು ನೋಡಬೇಕು.

ಬೇರಿಂಗುಗಳ ವಿಷಯದಲ್ಲೂ ಇಂಥದೇ ಒಂದು ತಪ್ಪು ಗ್ರಹಿಕೆಯಿದೆ. ಗ್ರೀಸು ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ತಿಳಿದವರು ಬಹಳ. ಮಿತಿಮೀರಿದ ಗ್ರೀಸನ್ನು ಬೇರಿಂಗ್ ಕಡೆಯಬೇಕಾಗುವುದರಿಂದ ಅದು ಬಿಸಿಯಾಗುತ್ತದೆ, ಸೀಲು ಒಡೆದು ಧೂಳು ಒಳಸೇರುತ್ತದೆ. ಅನುಭವಿಗಳು ಬೇರಿಂಗಿನ ಸದ್ದನ್ನು ಕೇಳಿಯೇ ಅದರ ಆಯುಷ್ಯವನ್ನು ಅಂದಾಜು ಮಾಡಬಲ್ಲರು. ಈಗ ಉಷ್ಣತೆಯನ್ನು ದೂರದಿಂದಲೇ ಅಳೆಯುವ ಸಾಧನಗಳೂ ಕಂಪನ ಅಳೆಯುವ ಉಪಕರಣಗಳೂ ಬಂದಿವೆ. ಆದರೂ ಕಿವಿಯ ಪಾಠ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಉಗ್ರಾಣದಲ್ಲಿ ಕನ್ವೇಯರ್ ನಿಲ್ಲುವುದಕ್ಕೆ ದೊಡ್ಡ ಕಾರಣಗಳೇ ಬೇಕಿಲ್ಲ. ಪೆಟ್ಟಿಗೆ ಬಂದಿತೋ ಇಲ್ಲವೋ ಎಂದು ಬೆಳಕಿನ ಕಿರಣದಿಂದ ಕಂಡುಹಿಡಿಯುವ ಸೆನ್ಸರಿನ ಕಣ್ಣಿಗೆ ರಟ್ಟಿನ ಧೂಳು ಕೂತರೆ, ಅಲ್ಲಿ ಪೆಟ್ಟಿಗೆಯೊಂದು ಸದಾ ನಿಂತಿದೆಯೆಂದು ಯಂತ್ರ ತಿಳಿದುಕೊಂಡು ಇಡೀ ಸಾಲನ್ನು ನಿಲ್ಲಿಸುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸರಿಹೋಗುವ ದೋಷಕ್ಕಾಗಿ ಪ್ಯಾನೆಲ್ ಬಿಚ್ಚಿ ಗಂಟೆಗಟ್ಟಲೆ ಹುಡುಕಿದ ಉದಾಹರಣೆಗಳು ಪ್ರತಿ ಉಗ್ರಾಣದಲ್ಲಿಯೂ ಸಿಗುತ್ತವೆ. ದೋಷವನ್ನು ಸರಳವಾದ ಕಡೆಯಿಂದ ಹುಡುಕತೊಡಗಬೇಕೆಂಬ ಪಾಠ ಇಂಥ ಪ್ರಸಂಗಗಳಿಂದಲೇ ಮನಸ್ಸಿಗೆ ನಾಟುತ್ತದೆ.

ಫೋರ್ಕ್‌ಲಿಫ್ಟುಗಳ ಬ್ಯಾಟರಿ ಕೋಣೆಯು ಉಗ್ರಾಣದ ಅಪಾಯದ ಸ್ಥಳಗಳಲ್ಲಿ ಒಂದು. ಸೀಸ ಮತ್ತು ಆಮ್ಲದ ಬ್ಯಾಟರಿಗಳು ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4ನ್ನು ತಲುಪಿದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಹಗುರವಾದ ಈ ಅನಿಲ ಚಾವಣಿಯ ಕೆಳಗೆ ಸೇರಿಕೊಳ್ಳುವುದರಿಂದ ಗಾಳಿ ಹೊರಹಾಕುವ ಫ್ಯಾನುಗಳು ಮೇಲೆಯೇ ಇರಬೇಕು, ಚಾರ್ಜಿಂಗ್ ನಡೆಯುವಷ್ಟು ಹೊತ್ತೂ ತಿರುಗುತ್ತಿರಬೇಕು. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನು ಚಾರ್ಜ್ ಮುಗಿದ ಮೇಲೆ ಹಾಕುವುದು ಕ್ರಮ. ಮೊದಲೇ ತುಂಬ ಹಾಕಿದರೆ ಚಾರ್ಜಿನ ವೇಳೆ ದ್ರಾವಣ ಹಿಗ್ಗಿ ಹೊರಚೆಲ್ಲುತ್ತದೆ. ಒಳಗಿನ ತಗಡುಗಳು ಬರಿದಾಗಿ ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ನೀರನ್ನು ಮೊದಲು ಹಾಕಬಹುದು. ಕಣ್ಣು ತೊಳೆಯುವ ನೀರಿನ ವ್ಯವಸ್ಥೆ ಆ ಕೋಣೆಯಲ್ಲಿದೆಯೇ, ಅದರಲ್ಲಿ ನೀರು ಬರುತ್ತದೆಯೇ ಎಂದು ನೋಡುವುದೂ ಶಿಶಿಕ್ಷುವಿನ ಕೆಲಸದ ಪಟ್ಟಿಯಲ್ಲಿ ಸೇರಿರುತ್ತದೆ. ಲಿಥಿಯಂ ಬ್ಯಾಟರಿಯ ವಾಹನಗಳು ಹೆಚ್ಚುತ್ತಿವೆ. ಅವುಗಳಿಗೆ ನೀರು ಬೇಕಿಲ್ಲ, ಆದರೆ ಅವುಗಳಿಗೆ ಹತ್ತಿದ ಬೆಂಕಿಯನ್ನು ಆರಿಸುವುದು ಬಹು ಕಷ್ಟ.

ರ್ಯಾಕುಗಳ ತಪಾಸಣೆಯನ್ನು ಹಲವರು ನಿರ್ವಹಣೆಯ ಕೆಲಸವೆಂದು ಎಣಿಸುವುದಿಲ್ಲ. ಆದರೆ ಫೋರ್ಕ್‌ಲಿಫ್ಟ್ ತಗುಲಿ ತುಸು ಬಾಗಿದ ಒಂದು ಉಕ್ಕಿನ ಕಂಬ ತನ್ನ ಹೊರುವ ಶಕ್ತಿಯನ್ನು ಗಣನೀಯವಾಗಿ ಕಳೆದುಕೊಂಡಿರುತ್ತದೆ. ಬಾಗಿದ ಭಾಗದ ಮೇಲೆ ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನಿಟ್ಟು ಬಾಗನ್ನು ಅಳೆಯುತ್ತಾರೆ. ಸಹಿಸಬಹುದಾದ ಬಾಗು ಕೆಲವೇ ಮಿಲಿಮೀಟರುಗಳು. ಅದನ್ನು ಮೀರಿದ ಕಂಬದ ಮೇಲಿನ ಸರಕನ್ನು ಇಳಿಸಿ, ಕಂಬವನ್ನು ಬದಲಿಸಬೇಕೇ ಹೊರತು ಸುತ್ತಿಗೆಯಿಂದ ಬಡಿದು ನೇರ ಮಾಡಬಾರದು.

ಬೆಂಕಿ ಆರಿಸುವ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಮೂರು ಪಂಪುಗಳಿರುತ್ತವೆ. ಕೊಳವೆಗಳಲ್ಲಿ ಒತ್ತಡವನ್ನು ಸದಾ ಕಾಯ್ದುಕೊಳ್ಳುವ ಚಿಕ್ಕ ಜಾಕಿ ಪಂಪು, ಸ್ಪ್ರಿಂಕ್ಲರ್ ತೆರೆದು ಒತ್ತಡ ಕುಸಿದಾಗ ತಾನೇ ಚಾಲೂ ಆಗುವ ವಿದ್ಯುತ್ ಪಂಪು, ವಿದ್ಯುತ್ ಇಲ್ಲದಿದ್ದರೆ ಕೆಲಸಕ್ಕೆ ಬರುವ ಡೀಸೆಲ್ ಪಂಪು. ವರ್ಷಗಟ್ಟಲೆ ನಿಜವಾದ ಕೆಲಸ ಬೀಳದ ಈ ಡೀಸೆಲ್ ಪಂಪನ್ನು ವಾರಕ್ಕೊಮ್ಮೆ ನಡೆಸಿ ನೋಡಬೇಕು. ಬೇಕಾದ ದಿನ ಅದು ಕೈಕೊಡುವುದು ಹೆಚ್ಚಾಗಿ ಎಂಜಿನ್ನಿನ ದೋಷದಿಂದಲ್ಲ, ಸತ್ತ ಬ್ಯಾಟರಿಯಿಂದ ಅಥವಾ ದುರಸ್ತಿಯ ನಂತರ ತೆರೆಯಲು ಮರೆತ ವಾಲ್ವಿನಿಂದ. ರಟ್ಟು, ಪ್ಲಾಸ್ಟಿಕ್ಕು, ಬಟ್ಟೆಗಳನ್ನು ಚಾವಣಿಯವರೆಗೆ ಒಟ್ಟಿರುವ ಕಟ್ಟಡದಲ್ಲಿ ನೂರಾರು ಜನರ ಪ್ರಾಣ ಆ ವಾರದ ತಪಾಸಣೆಯನ್ನು ಅವಲಂಬಿಸಿರುತ್ತದೆ.

ಕಲಿಕೆಯ ದಾಖಲೆ

ದಸರೆಯಿಂದ ದೀಪಾವಳಿಯವರೆಗಿನ ವಾರಗಳಲ್ಲಿ ಉಗ್ರಾಣಗಳು ಹಗಲಿರುಳು ನಡೆಯುತ್ತವೆ. ತಾತ್ಕಾಲಿಕವಾಗಿ ಎಷ್ಟು ಜನರನ್ನು ತೆಗೆದುಕೊಂಡರೂ ಸಾಲದು. ನಿರ್ವಹಣೆಯ ಶಿಶಿಕ್ಷುವನ್ನು ‘ಎರಡು ದಿನದ ಮಟ್ಟಿಗೆ’ ಪ್ಯಾಕಿಂಗಿಗೆ ಕರೆಯುವುದು ಇಂಥ ಸಮಯದಲ್ಲಿಯೇ. ಎರಡು ದಿನ ಎರಡು ತಿಂಗಳಾಗುವುದುಂಟು. ತುರ್ತಿನಲ್ಲಿ ಕೈಗೂಡಿಸುವುದು ತಪ್ಪಲ್ಲ. ಯಂತ್ರವನ್ನು ಬಳಸುವವರ ಕಷ್ಟವನ್ನು ಹತ್ತಿರದಿಂದ ನೋಡಿದವನು ಒಳ್ಳೆಯ ತಂತ್ರಜ್ಞನಾಗುತ್ತಾನೆ. ಆದರೆ ಕರಾರಿನಲ್ಲಿ ಹೇಳಿದ ವೃತ್ತಿಯನ್ನು ಕಲಿಸುವುದು ಉದ್ಯೋಗದಾತನ ಕಾನೂನುಬದ್ಧ ಹೊಣೆ. ಅದನ್ನು ನಿರ್ಲಕ್ಷಿಸಿ ಪೆಟ್ಟಿಗೆ ಹೊರಿಸುವುದು ಕರಾರಿನ ಉಲ್ಲಂಘನೆ. ಉದ್ಯೋಗದಾತನ ತಪ್ಪಿನಿಂದ ಕರಾರು ರದ್ದಾದರೆ ಶಿಶಿಕ್ಷುವಿಗೆ ಪರಿಹಾರ ಕೊಡಬೇಕೆಂದೂ ಅಧಿನಿಯಮ ಹೇಳುತ್ತದೆ.

ಪ್ರತಿಯೊಬ್ಬ ಶಿಶಿಕ್ಷುವಿನ ಪ್ರಗತಿಯ ದಾಖಲೆಯನ್ನು ಸಂಸ್ಥೆಯು ಇಡಬೇಕು. ಅದರ ಜೊತೆಗೆ ಶಿಶಿಕ್ಷುವು ತನ್ನದೇ ಆದ ದಿನಚರಿ ಪುಸ್ತಕವನ್ನು ಇಡುವುದು ಜಾಣತನ. ಯಾವ ದಿನ ಯಾವ ಯಂತ್ರ, ದೋಷದ ಲಕ್ಷಣವೇನು, ಕಾರಣವೇನು, ಏನು ಮಾಡಲಾಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ನಾಲ್ಕು ಸಾಲು ಬರೆದು ಮೇಲ್ವಿಚಾರಕರ ಸಹಿ ಪಡೆದರೆ ಸಾಕು. ಈ ಪುಸ್ತಕ ಕನ್ನಡದಲ್ಲಿದ್ದರೂ ನಡೆದೀತು. ಆದರೆ ಯಂತ್ರದ ಕೈಪಿಡಿಗಳು ಇಂಗ್ಲಿಷಿನಲ್ಲಿಯೂ ಕೆಲಸದ ಮಾತು ಹಿಂದಿ, ಮರಾಠಿ, ತಮಿಳು ಅಥವಾ ತೆಲುಗಿನಲ್ಲಿಯೂ ಇರುವುದರಿಂದ, ಭಾಗಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಬರೆದಿಡುವುದು ಉಪಯುಕ್ತ. ಪ್ಯಾನೆಲ್ಲಿನ ಮೇಲಿನ ಎಚ್ಚರಿಕೆಯ ಮಾತು ಅರ್ಥವಾಗದಿದ್ದರೆ ಕೇಳುವುದಕ್ಕೆ ಸಂಕೋಚಪಡಬಾರದು. ಆರು ತಿಂಗಳ ಬಳಿಕ ಪುಟ ತಿರುವಿದಾಗ ಒಂದೇ ಮೋಟಾರ್ ಮೂರು ಸಲ ಸುಟ್ಟಿರುವುದು ಕಂಡುಬಂದರೆ, ದೋಷ ಮೋಟಾರಿನದಲ್ಲ, ಬೇರೆಲ್ಲಿಯೋ ಇದೆ ಎಂಬುದು ಗೊತ್ತಾಗುತ್ತದೆ. ತಿಂಗಳುಗಟ್ಟಲೆ ಪ್ಯಾಕಿಂಗಿನಲ್ಲಿ ಕಳೆದಿದ್ದರೆ ಅದೂ ಅದೇ ಪುಸ್ತಕದಲ್ಲಿ ಕಾಣುತ್ತದೆ.

ಸೇರುವ ಮುನ್ನ ಮತ್ತು ಮುಗಿಸಿದ ಮೇಲೆ

ಐ.ಟಿ.ಐ. ಮುಗಿಸಿದವರು ‘ಅಪ್ರೆಂಟಿಸ್‌ಷಿಪ್ ಇಂಡಿಯಾ’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ಇದಕ್ಕೆ ಶುಲ್ಕವಿಲ್ಲ; ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಡಿಪ್ಲೊಮಾ ಮತ್ತು ಪದವಿ ಪಡೆದವರ ತರಬೇತಿಯನ್ನು ಮುಂಬಯಿ, ಚೆನ್ನೈ, ಕಾನ್ಪುರ ಮತ್ತು ಕೋಲ್ಕತ್ತಾಗಳಲ್ಲಿರುವ ಪ್ರಾದೇಶಿಕ ಮಂಡಳಿಗಳು ನೋಡಿಕೊಳ್ಳುತ್ತವೆ. ಕರಾರು ಪತ್ರವು ಜಾಲತಾಣದಲ್ಲಿ ನೋಂದಣಿಯಾಗಬೇಕು. ಹದಿನೆಂಟು ತುಂಬದವರ ಪರವಾಗಿ ತಂದೆತಾಯಿ ಅಥವಾ ಪೋಷಕರು ಸಹಿ ಹಾಕಬೇಕು. ಅಪಾಯಕಾರಿ ಎಂದು ಗುರುತಿಸಲಾದ ಉದ್ಯಮಗಳ ವೃತ್ತಿಗಳಿಗೆ ಹದಿನೆಂಟು ತುಂಬಿರಲೇಬೇಕು.

ಉಗ್ರಾಣಗಳಲ್ಲಿ ಕಟ್ಟಡದ ಒಡೆಯ ಒಬ್ಬ, ಸರಕು ನಡೆಸುವ ಕಂಪನಿ ಇನ್ನೊಂದು, ಯಂತ್ರಗಳ ನಿರ್ವಹಣೆಯ ಗುತ್ತಿಗೆದಾರ ಮತ್ತೊಬ್ಬ, ಹೀಗಿರುವುದು ಸಾಮಾನ್ಯ. ಕರಾರಿನಲ್ಲಿ ಉದ್ಯೋಗದಾತನೆಂದು ಯಾರ ಹೆಸರಿದೆ, ವೃತ್ತಿಯ ಹೆಸರೇನು, ತರಬೇತಿ ನಡೆಯುವ ಸ್ಥಳ ಯಾವುದು ಎಂಬ ಮೂರು ಸಂಗತಿಗಳನ್ನು ಸಹಿಗೆ ಮುನ್ನ ಓದಬೇಕು. ‘ಉಗ್ರಾಣ ಸಹಾಯಕ’ ಎಂದು ಬರೆದಿದ್ದರೆ ಅದು ನಿರ್ವಹಣೆಯ ತರಬೇತಿಯಲ್ಲ. ಶಿಷ್ಯವೇತನ ಬ್ಯಾಂಕ್ ಖಾತೆಗೇ ಬರಬೇಕು. ಪ್ರೋತ್ಸಾಹನ ಯೋಜನೆಯ ಎರಡನೆಯ ಹಂತದಲ್ಲಿ ಕೇಂದ್ರ ಸರ್ಕಾರದ ಪಾಲನ್ನು, ಅಂದರೆ ಶಿಷ್ಯವೇತನದ ಶೇ. 25ನ್ನು, ತಿಂಗಳಿಗೆ ಗರಿಷ್ಠ 1,500 ರೂಪಾಯಿಯ ಮಿತಿಯಲ್ಲಿ, 2023ರಿಂದ ನೇರವಾಗಿ ಶಿಶಿಕ್ಷುವಿನ ಖಾತೆಗೆ ಜಮಾ ಮಾಡುವ ವ್ಯವಸ್ಥೆ ಬಂದಿದೆ. ಆದ್ದರಿಂದ ಖಾತೆಯು ಆಧಾರ್‌ಗೆ ಜೋಡಣೆಯಾಗಿರಬೇಕು.

ದೂರು ಕೊಡಬೇಕಾದ ಸಂದರ್ಭ ಬಂದರೆ ಯಾರಲ್ಲಿ ಕೊಡಬೇಕೆಂಬುದನ್ನೂ ತಿಳಿದಿರಬೇಕು. ಸಾಮಾನ್ಯವಾಗಿ ಖಾಸಗಿ ಸಂಸ್ಥೆಗಳು ರಾಜ್ಯದ ಶಿಶಿಕ್ಷು ಸಲಹಾಧಿಕಾರಿಯ ವ್ಯಾಪ್ತಿಗೆ ಬರುತ್ತವೆ. ಆದರೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ವ್ಯವಹಾರ ನಡೆಸುವ ಸಂಸ್ಥೆಗಳನ್ನು 2014ರ ತಿದ್ದುಪಡಿಯು ಕೇಂದ್ರ ಸರ್ಕಾರದ ವ್ಯಾಪ್ತಿಗೆ ತಂದಿದೆ. ದೊಡ್ಡ ವಿತರಣಾ ಕಂಪನಿಗಳಲ್ಲಿ ಬಹಳಷ್ಟು ಹೀಗೆ ಹಲವು ರಾಜ್ಯಗಳಲ್ಲಿ ಹರಡಿಕೊಂಡಿರುವುದರಿಂದ ಅಲ್ಲಿಯ ಶಿಶಿಕ್ಷುಗಳು ಕೇಂದ್ರದ ಕೌಶಲಾಭಿವೃದ್ಧಿ ಪ್ರಾದೇಶಿಕ ನಿರ್ದೇಶನಾಲಯವನ್ನು ಸಂಪರ್ಕಿಸಬೇಕಾಗುತ್ತದೆ.

ಗೊತ್ತುಪಡಿಸಿದ ವೃತ್ತಿಗಳಲ್ಲಿ ತರಬೇತಿ ಮುಗಿಸಿದವರಿಗೆ ಅಖಿಲ ಭಾರತ ಮಟ್ಟದ ಪರೀಕ್ಷೆ ನಡೆಯುತ್ತದೆ. ಉತ್ತೀರ್ಣರಾದವರಿಗೆ ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರ ದೊರೆಯುತ್ತದೆ. ತರಬೇತಿ ಕೊಟ್ಟ ಸಂಸ್ಥೆಯೇ ಕೆಲಸ ಕೊಡಬೇಕೆಂಬ ಕಡ್ಡಾಯವಿಲ್ಲ. ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೇ ಆದ ನೀತಿಯನ್ನು ರೂಪಿಸಬೇಕೆಂದು ಮಾತ್ರ ಕಾನೂನು ಹೇಳುತ್ತದೆ. ಆ ನೀತಿ ಏನೆಂದು ಸಂದರ್ಶನದ ದಿನವೇ ಕೇಳುವುದಕ್ಕೆ ಅಭ್ಯರ್ಥಿಗೆ ಹಕ್ಕಿದೆ. ತರಬೇತಿಯ ನಂತರ ಅಲ್ಲಿಯೇ ಇಷ್ಟು ಕಾಲ ಸೇವೆ ಸಲ್ಲಿಸಬೇಕೆಂಬ ಷರತ್ತು ಕರಾರಿನಲ್ಲಿದ್ದರೆ, ಆಗ ಸಂಸ್ಥೆಯೂ ತಕ್ಕ ಉದ್ಯೋಗವನ್ನು ಕೊಡಲು ಬದ್ಧವಾಗುತ್ತದೆ. ಕನ್ವೇಯರು, ಪ್ಯಾನೆಲ್ಲು, ಪಂಪುಗಳ ಮೇಲೆ ಕೈಪಳಗಿದವರಿಗೆ ವಿಮಾನ ನಿಲ್ದಾಣದ ಸಾಮಾನು ಸಾಗಣೆ ವಿಭಾಗ, ಔಷಧ ಮತ್ತು ಆಹಾರ ತಯಾರಿಕಾ ಕಾರ್ಖಾನೆಗಳು, ಶೀತಲಗೃಹಗಳು ಇಲ್ಲೆಲ್ಲ ಇದೇ ಬಗೆಯ ಕೆಲಸಗಳಿವೆ. ಅಂಥ ಕಡೆ ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರದ ಜೊತೆಗೆ ಸಹಿಯಿರುವ ದಿನಚರಿ ಪುಸ್ತಕವನ್ನೂ ಕೊಂಡೊಯ್ಯುವುದು ಒಳ್ಳೆಯದು.